ಬಿರುಕಿಗೆ ಎತ್ತಿದ ಆರತಿ

"ಸ್ವಲ್ಪ ತಡೀರಿ, ನೋಡಿ ಹೇಳ್ತೀನಿ" ಎನ್ನುವವರನ್ನು ಈ ಲೋಕದಲ್ಲಿ ಯಾರೂ ಇಷ್ಟಪಡುವುದಿಲ್ಲ. ಇದು ನನ್ನ ಅನುಭವದ ಮಾತು, ಏಕೆಂದರೆ ಹಾಗೆ ಹೇಳುವುದೇ ನನ್ನ ಹೊಟ್ಟೆಪಾಡು. ದೆಹಲಿಯ ಓಖ್ಲಾದಲ್ಲಿ, ರಫ್ತಿನ ಅಂಗಿ ಹೊಲಿಯುವ ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡಿರುವ ಒಂದು ಖಾಸಗಿ ಪರೀಕ್ಷಾಲಯದಲ್ಲಿ ನಾನು ಎಂಜಿನಿಯರು. ಗ್ಯಾಸ್ ಸಿಲಿಂಡರು, ಬಾಯ್ಲರು, ಲಿಫ್ಟಿನ ಹಗ್ಗ, ಕ್ರೇನಿನ ಕೊಕ್ಕೆ, ಹೀಗೆ ಒಮ್ಮೆ ದುಡಿದ ಕಬ್ಬಿಣ ಇನ್ನೊಮ್ಮೆ ದುಡಿಯಬಲ್ಲದೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಈ ಚಟ ಮನೆಯವರೆಗೂ ಬಂದುಬಿಟ್ಟಿದೆ. ಸರೋಜಿನಿ ನಗರದಲ್ಲಿ ಒಂದು ಕುರ್ತಾ ಕೊಳ್ಳಬೇಕಾದರೆ ಅದನ್ನು ಒಳಹೊರಗು ತಿರುಗಿಸಿ, ಹೊಲಿಗೆಯನ್ನು ಬಿಸಿಲಿಗೆ ಹಿಡಿದು ನೋಡುತ್ತೇನೆ. ಅಂಗಡಿಯ ಭಯ್ಯಾ "ಮೇಡಂ, ಕುರ್ತಾ ಹೈ, ಪಾಸ್‌ಪೋರ್ಟ್ ನಹೀಂ" ಎನ್ನುತ್ತಾನೆ. ಸರ್ಕಾರಿ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರಾಗಿರುವ ನಮ್ಮ ಯಜಮಾನರು ಆಗ ನನ್ನ ಪರಿಚಯವೇ ಇಲ್ಲದವರಂತೆ ಪಕ್ಕದ ಚಪ್ಪಲಿ ಅಂಗಡಿ ನೋಡುತ್ತ ನಿಲ್ಲುತ್ತಾರೆ. ಮದುವೆಗೆ ಮುಂಚೆ ಅವರನ್ನೊಬ್ಬರನ್ನು ನಾನು ಸರಿಯಾಗಿ ತಪಾಸಣೆ ಮಾಡಲಿಲ್ಲ. ಅವರ ಪುಣ್ಯ.

ಇಂಥ ನನ್ನ ಪಾಲಿಗೆ ಒಂದು ದಿನ ರಾಕೆಟ್ಟು ಬಂತು. ಇಡೀ ರಾಕೆಟ್ಟಲ್ಲ, ಅದರ ಬೂಸ್ಟರು. ಅಂದರೆ ಕೆಳಗಿನಿಂದ ಒದ್ದು ಮೇಲಕ್ಕೆ ಕಳಿಸಿ, ಕೆಲಸ ಮುಗಿದ ಕೂಡಲೇ ಕಳಚಿಕೊಂಡು ಬೀಳುವ ಭಾಗ. ದಕ್ಷಿಣದ ಒಂದು ಸಣ್ಣ ಸಂಶೋಧನಾ ಸಂಸ್ಥೆಯವರು ಹವಾಮಾನ ಅಳೆಯುವ ಪುಟ್ಟ ರಾಕೆಟ್ಟೊಂದನ್ನು ಹಾರಿಸಿ, ಅದರ ಬೂಸ್ಟರನ್ನು ಪ್ಯಾರಾಚೂಟಿನಲ್ಲಿ ಸಮುದ್ರಕ್ಕಿಳಿಸಿ, ಮೀನುಗಾರರ ದೋಣಿಗೆ ಕಟ್ಟಿ ದಡಕ್ಕೆ ಎಳೆಸಿಕೊಂಡಿದ್ದರು. ಅದನ್ನೇ ಇನ್ನೊಮ್ಮೆ ಹಾರಿಸಬೇಕೆಂಬುದು ಅವರ ಆಸೆ. ಮಾಡಿದವರೇ ತಪಾಸಣೆ ಮಾಡುವಂತಿಲ್ಲ, ಹೊರಗಿನವರು ನೋಡಬೇಕು ಎಂದು ನಿಯಮ. ಹೊರಗಿನವರು ದಕ್ಷಿಣದಲ್ಲೂ ಧಾರಾಳವಾಗಿ ಇದ್ದರು. ಆದರೆ ಯೋಜನೆಗೆ ಮಂಜೂರಾತಿ ಕೊಟ್ಟ ದೆಹಲಿ ಕಚೇರಿಯ ಮಲ್ಹೋತ್ರಾ ಸಾಹೇಬರು, ಫೋಟೋಗಳು ದೆಹಲಿಯಲ್ಲೇ ಚೆನ್ನಾಗಿ ಬರುತ್ತವೆ ಎಂದು ನಂಬಿದವರು. ಹೀಗಾಗಿ ಆ ಬೂಸ್ಟರು ಆಕಾಶದಲ್ಲಿ ಹೋದದ್ದಕ್ಕಿಂತ ಎಷ್ಟೋ ಹೆಚ್ಚು ದೂರವನ್ನು ಲಾರಿಯಲ್ಲಿ ಮಲಗಿಕೊಂಡು ಬಂತು.

ಲಾರಿಯ ಹಿಂದೆಯೇ ರೈಲಿನಲ್ಲಿ ಬಂದವರು ಅದನ್ನು ವಿನ್ಯಾಸ ಮಾಡಿದ ಜಗದೀಶ್. ಮಂಡ್ಯದ ಕಡೆಯವರು, ನನ್ನದೇ ವಯಸ್ಸು, ತಲೆಯ ಮೇಲೆ ಕೂದಲಿಗಿಂತ ಚಿಂತೆ ಹೆಚ್ಚು. ನಾನು ಕನ್ನಡದವಳೆಂದು ತಿಳಿದದ್ದೇ ಅವರ ಮುಖ ಅರಳಿತು. "ಸದ್ಯ ಮೇಡಂ, ಇಲ್ಲಿ ನಮ್ಮೋರು ಒಬ್ಬರಿದೀರಲ್ಲ" ಎಂದರು. ಈ 'ನಮ್ಮೋರು' ಎಂಬ ಮಾತು ಕೇಳಿದರೆ ನನಗೆ ಎದೆಯೊಳಗೆ ಗುಡುಗುತ್ತದೆ. ಪಾಸು ಮಾಡಿಸಿಕೊಳ್ಳಲು ಬಂದವರೆಲ್ಲ ನಮ್ಮೋರೇ. "ಸ್ವಲ್ಪ ತಡೀರಿ, ನೋಡಿ ಹೇಳ್ತೀನಿ" ಎಂದೆ. ಅವರ ಮುಖ ಮತ್ತೆ ಮೊದಲಿನಂತಾಯಿತು.

ಟಾರ್ಪಾಲಿನ್ ಸರಿಸಿ ನೋಡಿದರೆ ಬೂಸ್ಟರು ಮದುಮಗಳಂತೆ ಹೊಳೆಯುತ್ತಿತ್ತು. ಸಮುದ್ರದಲ್ಲಿ ಬಿದ್ದು ಬಂದ ವಸ್ತುವಿಗೆ ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ನೋಡಿ ಜಗದೀಶರೇ ಬೆಚ್ಚಿಬಿದ್ದರು. ಆಮೇಲೆ ತಿಳಿಯಿತು: ಲಾರಿ ದೆಹಲಿಗೆ ಬಂದ ಕೂಡಲೇ ಮಲ್ಹೋತ್ರಾ ಸಾಹೇಬರು ಅದನ್ನು ತಮ್ಮ ಕಚೇರಿಯ ಅಂಗಳಕ್ಕೆ ತಿರುಗಿಸಿಕೊಂಡು, ಕಾರಿನ ಪೇಂಟರನ್ನು ಕರೆಸಿ, ಬಿಳಿ ಬಣ್ಣ ಬಳಿಸಿದ್ದರು. ಮುದುಕನಿಗೆ ಗಲ್ಲಕ್ಕೆ ಪೌಡರು ಹಚ್ಚಿ ಡಾಕ್ಟರ ಹತ್ತಿರ ಕಳಿಸಿದ ಹಾಗಾಯಿತು. ಬಣ್ಣದ ಕೆಳಗೆ ಬಿರುಕಿದ್ದರೆ ಕಾಣುವುದು ಹೇಗೆ? ಬಣ್ಣ ಕೆರೆಯಬೇಕು ಎಂದು ಫೋನು ಮಾಡಿದೆ. ಆ ಕಡೆಯಿಂದ ಸಾಹೇಬರು ಮಗುವಿನ ಕಿವಿ ಕತ್ತರಿಸುತ್ತೇನೆ ಎಂದವಳನ್ನು ಬೈಯುವಂತೆ ಬೈದರು. "ಗುರುವಾರ ಮಂತ್ರಿಗಳು ನೋಡೋಕೆ ಬರ್ತಾ ಇದಾರೆ! ನಿಮ್ಮಿಂದ ಬೇಕಾದ್ದು ಒಂದು ಸಹಿ ಮೇಡಂ, ಸಿರ್ಫ್ ಏಕ್ ಸಹಿ. ಕೆರೆಯೋದು ಯಾಕೆ?"

ನಮ್ಮ ಪರೀಕ್ಷಾಲಯದ ಮಾಲೀಕರು ಗುಪ್ತಾಜಿ. ಅವರು ಜಗಳವನ್ನು ದ್ವೇಷಿಸುತ್ತಾರೆ. ಎರಡೂ ಕಡೆಗೆ ಹೌದು ಎನ್ನುವುದು ಅವರ ಧರ್ಮ. ಬೂಸ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಚ್ಛಾ, ಹೀಗೆ ಮಾಡಿ. ಗೋಡೆ ಕಡೆಯ ಅರ್ಧ ಕೆರೆಯಿರಿ. ಬಾಗಿಲ ಕಡೆಯ ಅರ್ಧ ಮಂತ್ರಿಗಳಿಗೆ ಇರಲಿ" ಎಂದು ತೀರ್ಪು ಕೊಟ್ಟರು. ವಿಜ್ಞಾನಕ್ಕೆ ಅರ್ಧ, ಫೋಟೋಕ್ಕೆ ಅರ್ಧ. ಈ ದೇಶದಲ್ಲಿ ವಿಜ್ಞಾನಕ್ಕೆ ಇಷ್ಟು ದೊಡ್ಡ ಪಾಲು ಸಿಗುವುದೇ ಅಪರೂಪವಾದ್ದರಿಂದ ನಾನು ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ಬೇಗನೆ ಹೋಗಿ ಕೆಲಸ ಶುರು ಮಾಡಿದೆವು. ಬಿರುಕು ಹುಡುಕುವ ಈ ವಿಧಾನ ಬಹಳ ಸರಳ. ಬರಿಯ ಲೋಹಕ್ಕೆ ಕೆಂಪು ಬಣ್ಣದ ತೆಳು ದ್ರವ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಅಡಗಿದ ಕೆಂಪು ನಿಧಾನವಾಗಿ ಬಿಳಿಯ ಮೇಲೆ ಒಸರುತ್ತದೆ. ಜಗದೀಶ್ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಹೆರಿಗೆ ವಾರ್ಡಿನ ಹೊರಗೆ ಕೂತವರಂತೆ ಕೂತಿದ್ದರು. ಬಿಳಿ ಪುಡಿ ಒಣಗಿತು. ಮೊದಲು ಏನೂ ಇಲ್ಲ. "ಕ್ಲೀನಾಗಿದೆ ಅಲ್ವಾ ಮೇಡಂ?" ಎಂದು ಅವರು ಕೇಳುತ್ತಿದ್ದಂತೆಯೇ ಕೆಳತುದಿಯ ಬೆಸುಗೆಯ ಬಳಿ ಕೂದಲೆಳೆಯಷ್ಟು ಕೆಂಪು ಮೂಡಿತು. ನೋಡುತ್ತಿದ್ದಂತೆ ಅದು ಗೇಣುದ್ದ ಬೆಳೆಯಿತು.

ಸರಿಯಾಗಿ ಆ ಹೊತ್ತಿಗೆ ಮಂತ್ರಿಗಳು ಬಂದುಬಿಟ್ಟರು. ಮಂತ್ರಿಗಳು ತಡವಾಗಿ ಬರುತ್ತಾರೆಂಬುದನ್ನೇ ನೆಚ್ಚಿಕೊಂಡು ಬದುಕಿದವಳು ನಾನು. ಇವರು ಬೇಗ ಬಂದರು. ಅದೂ ಸಾಲದೆ, ಬಾಗಿಲ ಕಡೆಯ ಹೊಳೆಯುವ ಅರ್ಧವನ್ನು ಬಿಟ್ಟು, ಜನ ನಿಂತಿರುವಲ್ಲೇ ವಿಶೇಷವಿರಬೇಕು ಎಂದು ನೇರ ನಮ್ಮ ಕಡೆಗೆ ಬಂದರು. ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಕಂಡಿತು. ಕೂಡಲೇ ಚಪ್ಪಲಿ ಬಿಟ್ಟು ಕೈ ಮುಗಿದರು. "ವಾಹ್! ಮೊದಲು ತಿಲಕ ಇಟ್ಟಿದೀರಿ. ವಿಜ್ಞಾನಿಗಳಿಗೆ ಸಂಸ್ಕಾರ ಇರಬೇಕು ಅಂದ್ರೆ ಹೀಗೆ!"

ಮಂತ್ರಿಗಳು ಚಪ್ಪಲಿ ಬಿಟ್ಟ ಮೇಲೆ ಮಲ್ಹೋತ್ರಾ ಸಾಹೇಬರು ಬೂಟು ಬಿಚ್ಚಿದರು, ಗುಪ್ತಾಜಿ ಬಿಚ್ಚಿದರು, ಫೋಟೋಗ್ರಾಫರ್ ಕೂಡ ಬಿಚ್ಚಿದ. ಎಲ್ಲಿಂದಲೋ ಆರತಿ ತಟ್ಟೆ ಬಂತು. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಲೋಹಶಾಸ್ತ್ರದಲ್ಲಿ ಪದವಿ ಪಡೆದ ನಾನು, ಸುತ್ತ ಕ್ಯಾಮೆರಾ ಮಿಂಚುತ್ತಿರಲು, ಗೇಣುದ್ದದ ಬಿರುಕಿಗೆ ಭಕ್ತಿಯಿಂದ ಆರತಿ ಎತ್ತಿದೆ.

ಮಂತ್ರಿಗಳು ಪ್ರಸನ್ನರಾಗಿ ನನ್ನ ಕಡೆ ತಿರುಗಿದರು. "ಹೇಳಿ ಬೆಹೆನ್‌ಜಿ, ಮತ್ತೆ ಹಾರುತ್ತೆ ತಾನೆ?"

ಮಲ್ಹೋತ್ರಾ ಸಾಹೇಬರು ನನ್ನತ್ತ ಹುಬ್ಬು ಹಾರಿಸಿದರು. ಗುಪ್ತಾಜಿ ಕಣ್ಣು ಮುಚ್ಚಿಕೊಂಡರು. ಜಗದೀಶ್ ನೆಲ ನೋಡುತ್ತಿದ್ದರು. ನನಗೆ ಬರುವ ಹಿಂದಿಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ: "ನಹೀಂ ಸರ್. ಯೇ ಫಟೇಗಾ." ಇಲ್ಲ, ಇದು ಒಡೆದುಹೋಗುತ್ತೆ ಎಂದು.

ಕೂಡಲೇ ಮಲ್ಹೋತ್ರಾ ಸಾಹೇಬರು ನಗುತ್ತ ನನ್ನ ಹಿಂದಿಯನ್ನು ಹಿಂದಿಗೆ ಅನುವಾದ ಮಾಡಿದರು: "ಸರ್, ಮೇಡಂ ಸೌತ್‌ನವರು, ಹಿಂದಿ ಸ್ವಲ್ಪ ಕಷ್ಟ. ಪಟಾಕಿಯ ಹಾಗೆ ಹಾರುತ್ತೆ ಅಂತ ಅವರ ಭಾವ." ಮಂತ್ರಿಗಳು ಚಪ್ಪಾಳೆ ತಟ್ಟಿ, ಚಪ್ಪಲಿ ಮೆಟ್ಟಿ ಹೊರಟರು.

ಅವರು ಹೋದ ಮೇಲೆ ನಿಜವಾದ ಗುಡುಗು. "ಅದೊಂದು ಗೀರು! ಸಮುದ್ರದಲ್ಲಿ ಕಲ್ಲು ತಾಗಿರುತ್ತೆ. ಸಹಿ ಹಾಕಿ" ಎಂದರು ಸಾಹೇಬರು. ಆಗ, ಬಂದಾಗಿನಿಂದ ಗಟ್ಟಿಯಾಗಿ ಉಸಿರೂ ಬಿಡದಿದ್ದ ಜಗದೀಶ್ ಎದ್ದು ನಿಂತರು. "ಬೇಡ ಸರ್. ನೀರು ತುಂಬಿ ಒತ್ತಡ ಕೊಟ್ಟು ನೋಡೋಣ. ಒಡೆಯೋದಿದ್ರೆ ಇಲ್ಲೇ ಒಡೀಲಿ. ಅಲ್ಲಿ ಉಡಾವಣೆಗೆ ಮುಂಚೆ ಇಂಧನ ಜೋಡಿಸೋಕೆ ನನ್ನ ಹುಡುಗರು ಅದರ ಪಕ್ಕದಲ್ಲೇ ನಿಲ್ತಾರೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ನೀವು ಸುಮ್ನೆ ಪಾಸ್ ಮಾಡಿಬಿಡ್ಲಿ ಅಂತ ಬೆಳಿಗ್ಗೆವರೆಗೂ ದೇವರಿಗೆ ಹರಕೆ ಹೊತ್ಕೊಂಡಿದ್ದೆ ಮೇಡಂ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಮರುದಿನ ಬೂಸ್ಟರಿಗೆ ನೀರು ತುಂಬಿ, ಎಲ್ಲರೂ ಗೋಡೆಯ ಹಿಂದೆ ನಿಂತು ಪಂಪು ಒತ್ತಿದೆವು. ಹಾರುವಾಗ ತಡೆಯಬೇಕಾದ ಒತ್ತಡದ ಅರ್ಧಕ್ಕೂ ಮುಳ್ಳು ಏರಿರಲಿಲ್ಲ, ಟಪ್ಪೆಂದು ಸದ್ದಾಗಿ ತಿಲಕವಿಟ್ಟ ಜಾಗದಿಂದಲೇ ನೀರು ಚಿಮ್ಮಿತು. ಆ ತುಂಡನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇನ್ನೊಂದು ಆಘಾತ. ಬಿರುಕಿನ ಒಳಗೋಡೆಯೂ ಬೆಂಕಿಯಲ್ಲಿ ಬೆಂದು ಕಪ್ಪಾಗಿತ್ತು. ಅಂದರೆ ಅದು ಸಮುದ್ರದ ಕಲ್ಲಿನದಲ್ಲ. ಮೊದಲ ಸಲ ಹಾರುವಾಗಲೇ ಇತ್ತು, ಹಾರುತ್ತ ಬೆಳೆದಿತ್ತು. ಎಲ್ಲರೂ ಸಿಹಿ ಹಂಚಿದ ಆ ಯಶಸ್ವಿ ಉಡಾವಣೆ ಬರೀ ಅದೃಷ್ಟ. ಜಗದೀಶ್ ಅಲ್ಲಿಂದಲೇ ಫೋನು ಮಾಡಿ, ಅದೇ ಬೆಸುಗೆ ಹಾಕಿ ಸಿದ್ಧವಾಗಿದ್ದ ಹೊಸ ಬೂಸ್ಟರುಗಳನ್ನೆಲ್ಲ ತಡೆಹಿಡಿಸಿದರು. ಊರಿಗೆ ಹೋಗಿ ಒಂದೊಂದನ್ನೂ ಪರೀಕ್ಷಿಸಿದಾಗ ಇನ್ನೂ ಕೆಲವು ಬಿರುಕು ಬಿಟ್ಟಿದ್ದವಂತೆ.

ಇದೆಲ್ಲ ಪತ್ರಿಕೆಯಲ್ಲಿ ಹೇಗೆ ಬಂತು ಗೊತ್ತೇ? 'ಮರುಬಳಕೆಯ ಪರೀಕ್ಷೆ ಯಶಸ್ವಿ.' ಸುಳ್ಳೇನಲ್ಲ, ಪರೀಕ್ಷೆ ಯಶಸ್ವಿಯೇ, ಬೂಸ್ಟರು ಮಾತ್ರ ನಪಾಸು. ಮಲ್ಹೋತ್ರಾ ಸಾಹೇಬರು ಆ ಬೂಸ್ಟರಿನ ತೂತಿಗೆ ತೇಪೆ ಹಾಕಿಸಿ, ಮತ್ತೆ ಬಣ್ಣ ಬಳಿಸಿ, ತಮ್ಮ ಕಚೇರಿಯ ಮುಂದೆ ಕಟ್ಟೆ ಕಟ್ಟಿಸಿ ನಿಲ್ಲಿಸಿದ್ದಾರೆ. ಚಳಿಗಾಲದಲ್ಲಿ ಡ್ರೈವರುಗಳು ಅದಕ್ಕೊರಗಿ ಕಡಲೆಕಾಯಿ ಸುಲಿಯುತ್ತಾರೆ.

ನನ್ನ ಕಥೆ ಇನ್ನೂ ಕೆಟ್ಟದ್ದು. ಆರತಿಯ ಫೋಟೋ ಪತ್ರಿಕೆಯಲ್ಲಿ ಬಂತಲ್ಲ, ಗುಪ್ತಾಜಿ ಅದಕ್ಕೆ ಫ್ರೇಮು ಹಾಕಿಸಿ ಬಾಗಿಲಲ್ಲೇ ತೂಗುಹಾಕಿದರು. ಅಂದಿನಿಂದ ಗಿರಾಕಿಗಳು "ಆ ಮೇಡಂ ಕೈಗುಣ ಚೆನ್ನಾಗಿದೆ" ಎಂದು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಬೇಕಾದದ್ದು ನನ್ನ ತಪಾಸಣೆಯಲ್ಲ, ಆರತಿ. ಕಳೆದ ಭಾನುವಾರ ಜನಕಪುರಿಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟ್ ಸೊಸೈಟಿಯ ಹೊಸ ಲಿಫ್ಟಿಗೂ ಕರೆದರು. "ಹಗ್ಗ ಒಮ್ಮೆ ನೋಡ್ಲಾ?" ಎಂದೆ. "ಅರೆ ಭಾಭೀಜಿ, ಇವತ್ತು ರಜೆ. ನೀವು ಪೂಜೆ ಮಾಡಿ ಸಾಕು" ಎಂದರು. ಮಾಡಿದೆ. ಎಲ್ಲರೂ ಜೈಕಾರ ಹಾಕಿ, ಮೊದಲ ಸವಾರಿ ನಿಮ್ಮದೇ ಎಂದು ನನ್ನನ್ನು ಒಳಗೆ ತಳ್ಳಿ, ತಾವೂ ನಾ ಮುಂದು ತಾ ಮುಂದು ಎಂದು ತುಂಬಿಕೊಂಡರು. ನಮ್ಮ ಯಜಮಾನರು ಮಾತ್ರ ಜಾಣರು, "ನೀನು ಹೋಗೇ, ನಾನು ಮೆಟ್ಟಿಲು ಹತ್ತಿ ಬರ್ತೀನಿ" ಎಂದರು. ಎರಡನೇ ಮಹಡಿ ದಾಟುತ್ತಿದ್ದಂತೆ ನೆತ್ತಿಯ ಮೇಲೆಲ್ಲೋ ಕಿರ್ರೆಂದಿತು. ನಾನು ಆರತಿ ತಟ್ಟೆಯನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದೆ. ಆ ಕ್ಷಣದಲ್ಲಿ, ಹೇಳಲು ನಾಚಿಕೆ, ನನ್ನ ಕೈಗುಣದ ಮೇಲೆ ನನಗೂ ಸಂಪೂರ್ಣ ನಂಬಿಕೆ ಬಂತು.