ಅತ್ತೆಯ ಬೀಸುವ ಕಲ್ಲಿನ ಮೇಲೆ ನನ್ನ ಕಾರು

ಸದ್ದು ಮಾಡುವ ವಸ್ತುಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಸಾಫ್ಟ್ ಕಾರ್ನರ್. ಸದ್ದಿಲ್ಲದೆ ಬೆಳೆದವರಿಗೆ ಹಾಗಾಗುತ್ತದೋ ಏನೋ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಆಗ್ನೆಸ್, "ಗರ್ಲ್ಸ್, ಎ ಲೇಡಿ ನೆವರ್ ರೇಸಸ್ ಹರ್ ವಾಯ್ಸ್" ಎಂದು ಹೇಳಿ ಹೇಳಿ ನಮ್ಮ ಗಂಟಲಿಗೇ ಇಸ್ತ್ರಿ ಹೊಡೆದುಬಿಟ್ಟಿದ್ದರು. ಆ ಮಾತನ್ನು ಈ ವಯಸ್ಸಿನವರೆಗೂ ಮೀರಿಲ್ಲ. ಸಿಟ್ಟು ಬಂದರೆ ದನಿ ಏರಿಸುವುದಿಲ್ಲ. ತುಟಿಯೊಳಗೇ, ಒಳ್ಳೆಯ ಗ್ರಾಮರಿನಲ್ಲಿ, ಇಂಗ್ಲಿಷಿನಲ್ಲಿ ಗೊಣಗಿಕೊಳ್ಳುತ್ತೇನೆ. ಸಿಸ್ಟರ್ ಕೇಳಿಸಿಕೊಂಡಿದ್ದರೆ ಪ್ರೊನನ್ಸಿಯೇಷನ್ನಿಗಾದರೂ ಮಾರ್ಕು ಕೊಡುತ್ತಿದ್ದರು.

ನನ್ನ ಕಾರು ಮಾತ್ರ ಕಾನ್ವೆಂಟಿಗೆ ಹೋದದ್ದಲ್ಲ. ಒಂದು ತಗ್ಗು ಕಂಡರೆ ಸಾಕು, ಹಿಂದಿನಿಂದ "ಕಿರ್ರ್... ಕೊಟಕ್!" ಎಂದು ನಮ್ಮ ಇಂಡಿ ಊರಿನ ಅರ್ಧ ಬಜಾರಿಗೆ ಕೇಳುವಂತೆ ಕೂಗುತ್ತಿತ್ತು. ತಿರುವಿನಾಚೆ ನಿಂಬೆಹಣ್ಣು ಮಾರುವವಳು ನಾವು ಕಾಣುವ ಮೊದಲೇ ಬುಟ್ಟಿ ಪಕ್ಕಕ್ಕೆ ಸರಿಸುತ್ತಿದ್ದಳು. ಓಡಿಸುವವಳು ನಾನು. ಕೋರ್ಟಿನ ಗುಮಾಸ್ತಿಕೆಯಿಂದ ರಿಟೈರಾದ ನಮ್ಮವರು ಸ್ಟೀರಿಂಗ್ ಮುಟ್ಟಿದವರಲ್ಲ. ಎಡಗಡೆ ಕೂತು, "ಹಾರ್ನ್ ಹೊಡಿ, ಎಮ್ಮಿ ಬಂತು, ಬ್ರೇಕ್ ಹಿಡಿ" ಎಂದು ಬಾಯಲ್ಲೇ ಓಡಿಸುತ್ತಾರೆ. ಅಂಥವರಿಗೆ ಒಂದು ದಿನ ಕಾರಿನ ಸದ್ದು ತಡೆಯದಾಯಿತು.

"ಸಾಕಾತಿದು. ಮನಗೂಳಿಯವ್ರೊಬ್ರು ಹಳೇ ಗಾಡಿ ಹುಡಕಾಕತ್ತಾರ, ರವಿವಾರ ನೋಡಾಕ ಬರ್ತಾರ. ಕೊಟ್ಟು ಕೈ ತೊಳಕೊಳ್ಳೂಣು," ಎಂದರು.

ಈ ಮನೆಯಲ್ಲಿ ನಾನು ತಿರುಗಿಸಿದ ಕಡೆ ತಿರುಗುವುದೆಂದರೆ ಆ ಸ್ಟೀರಿಂಗ್ ಒಂದೇ. "ಅಷ್ಟರಾಗ ಸದ್ದು ನಿಂತ್ರ?" ಎಂದೆ. "ನಿಂತ್ರ ಇಟ್ಕೊಳ್ಳೂಣು," ಎಂದು ನಕ್ಕರು. ನಿಲ್ಲುವುದಿಲ್ಲವೆಂಬ ನಗು ಅದು.

ಹಿಂದಿನ ಎರಡೂ ಶಾಕಪ್ಪು ಸತ್ತಿವೆ ಎಂದ ಗ್ಯಾರೇಜಿನವನು. ಶಾಕ್ ಅಬ್ಸಾರ್ಬರ್ ಎಂಬ ಉದ್ದ ಹೆಸರನ್ನು ನಮ್ಮ ಕಡೆ ಹೀಗೆ ಮೊಟಕು ಮಾಡಿದ್ದಾರೆ. ರವಿವಾರದೊಳಗೆ ಅವನಿಗೆ ಬಿಡುವಿಲ್ಲ. ಹೊಸವನ್ನು ಕೊಂಡು ಮನೆಗೇ ತಂದೆ. ಮೊಬೈಲಿನ ವಿಡಿಯೋದಲ್ಲಿ ಒಬ್ಬಾತ ಸಿಳ್ಳೆ ಹಾಕುತ್ತಾ ಬದಲಿಸಿದ್ದನ್ನು ನೋಡಿದ್ದೆನಲ್ಲ! ಒಬ್ಬಳಿಂದಾಗದೆಂದು ಪಕ್ಕದ ಮನೆಯ ರಜಿಯಾಳನ್ನು ಕರೆದೆ. ಸುತ್ತಲಿನ ಹಳ್ಳಿಗಳ ಎಷ್ಟೋ ಕೂಸುಗಳನ್ನು ಭೂಮಿಗಿಳಿಸಿ ರಿಟೈರಾದ ನರ್ಸ್ ಅವಳು, ನನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಾಳೆ. ಕಾರಿನಡಿ ಬಗ್ಗಿ ನೋಡಿ, "ಕೇಸು ಸ್ವಲ್ಪ ತೊಡಕಿಂದೈತ್ರಿ ವೈನಿ. ಹೆದರಬ್ಯಾಡ್ರಿ, ನಾ ಅದೇನಿ," ಎಂದಳು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕ್ ಹಾಕಿದೆವು. ಅಂಗಳದ್ದು ಎರೆಮಣ್ಣು. ಕಾರು ಮೇಲೇರುವ ಬದಲು ಜಾಕೇ ಭೂಮಿಗಿಳಿಯತೊಡಗಿತು. ಆಗ ಕಣ್ಣಿಗೆ ಬಿದ್ದದ್ದು ಹಿತ್ತಲ ಗೋಡೆಗೊರಗಿದ್ದ ನಮ್ಮತ್ತೆಯ ಬೀಸುವ ಕಲ್ಲು. ಮದುವೆಯಾದ ಹೊಸದರಲ್ಲಿ ಅದರ ಮುಂದೆ ಜೋಳ ಬೀಸಲು ಕೂತು, ಬೀಸುವ ಹಾಡು ಬಾರದೆ ಸ್ಕೂಲಿನ ಪ್ರೇಯರ್ ಹಾಡಿದ್ದೆ. ಅತ್ತೆ ನಗಲಿಲ್ಲ. "ದೇವರ ಹೆಸರೈತಿಲ್ಲೋ ಅದರಾಗ? ಬೀಸು ಹಂಗಾರ," ಎಂದಿದ್ದರು. ಈಗ ಆ ಕಲ್ಲನ್ನು ಉರುಳಿಸಿ ತಂದು ಜಾಕಿನಡಿ ಇಡುವಷ್ಟರಲ್ಲಿ ಅಂಗಳದ ಕುರ್ಚಿಯಲ್ಲಿ ಕೂತಿದ್ದ ನಮ್ಮವರ ಕೂಗು ಬಂತು: "ಏ ಏ, ಅದು ನಮ್ಮವ್ವನ ಕಲ್ಲು!"

"ನನ್ನಂಥ ಸೊಸಿ ಭಾರ ಹೊತ್ತಾರ, ಇದೇನು ಲೆಕ್ಕ ಬಿಡ್ರಿ," ಎಂದೆ. ಅತ್ತೆ ಬದುಕಿದ್ದಾಗ ನನ್ನನ್ನು ತಲೆ ಎತ್ತಲು ಬಿಟ್ಟವರಲ್ಲ. ಈಗ ನನ್ನ ಕಾರನ್ನೇ ಎತ್ತಿ ಹಿಡಿದರು.

ಆಮೇಲೆ ಬೋಲ್ಟು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕುಸುಬಿ ಎಣ್ಣೆ ಹನಿಸಿ ನಾನು ಸ್ಪ್ಯಾನರ್ ಹಾಕಿ ಎಳೆಯುತ್ತಿದ್ದರೆ, ರಜಿಯಾ ಬೆನ್ನಿಗೆ ಕೈಕೊಟ್ಟು, "ಉಸರ ಹಿಡೀರಿ ವೈನಿ! ತಿಣಕ್ರಿ! ಇನ್ನೊಂದೀಟ... ಬಂತು, ಬಂತು!" ಎಂದು ಕೂಗುತ್ತಿದ್ದಳು. ಓಣಿಯ ಹೆಂಗಸರು ಗಾಬರಿಯಾಗಿ ಕಂಪೌಂಡಿನ ಮೇಲಿಂದ ಇಣುಕಿದರು. ಈ ವಯಸ್ಸಿನಲ್ಲಿ ಇವರಿಗೇನಾಯಿತು ಎಂಬ ಮುಖ. ಬೋಲ್ಟು ಕಳಚಿತು, ನಾನು ಅಂಗಾತ ಬಿದ್ದೆ. ಎಣ್ಣೆ ಸೋರುವ ಹಳೆಯ ಶಾಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ ರಜಿಯಾ, "ಕೂಸು ಅಳವಲ್ದಲ್ರಿ ವೈನಿ!" ಎಂದಳು. ಇನ್ನೊಂದು ಬದಿಯದು ಸಲೀಸಾಗಿ ಬಂತು. ಎರಡನೇ ಹೆರಿಗೆ ಹಾಗೇ ಅಂತೆ.

ರವಿವಾರ ಮನಗೂಳಿಯವರು ಬಂದರು. ಒಂದು ಸುತ್ತು ಕರೆದೊಯ್ದೆ. ಇಳಿದವರೇ, "ಖಟಾರಾ ಅಂದಿದ್ರಿ, ಇದು ಬೆಣ್ಣಿಯಂಗ ಹೊಂಟೈತಲ್ರಿ! ಇವತ್ತ ಒಯ್ತೇನಿ," ಎಂದರು. ಇಷ್ಟು ಚೆನ್ನಾಗಿ ರಿಪೇರಿ ಮಾಡಬಾರದಿತ್ತು! ನಮ್ಮವರು ಗ್ರೀಸು ಮೆತ್ತಿದ ನನ್ನ ಉಗುರುಗಳನ್ನು ನೋಡಿದರು. "ಇಲ್ರಿ, ನಮ್ಮವ್ವ ಎತ್ತಿದ ಗಾಡಿ, ಕೊಡಾಕ ಬರೂದಿಲ್ಲ," ಎಂದುಬಿಟ್ಟರು.

ಆ ಸಂಜೆ ಸಿಂದಗಿ ರಸ್ತೆಯಲ್ಲಿ ನಮ್ಮಿಬ್ಬರದೇ ವಿಜಯಯಾತ್ರೆ. ತಗ್ಗು ಬಂದರೂ ಕಾರು ಚಕಾರವೆತ್ತಲಿಲ್ಲ. "ಬ್ರೇಕ್ ಹಿಡಿ, ಎಮ್ಮಿ ಬಂತು," ಎಂದರು ನಮ್ಮವರು. ನಾನು ಇಷ್ಟು ವರ್ಷದ ರೂಢಿಯಂತೆ ತುಟಿಯೊಳಗೇ, "ಓಹ್, ಡೂ ಬಿ ಕ್ವಾಯಟ್, ಯೂ ಓಲ್ಡ್ ಬಫೆಲೋ," ಎಂದೆ. ಎಂದಿನಂತೆ ಕಿರ್ರ್ ಎಂದು ನನ್ನ ಗೊಣಗಾಟ ಮುಚ್ಚಿ ಮಾನ ಕಾಯಬೇಕಾದ ಕಡೆ ಕಾರು ಪಕ್ಕಾ ಕಾನ್ವೆಂಟ್ ಹುಡುಗಿಯಾಗಿತ್ತು. ಎಡಗಡೆಯಿಂದ ಮಾತು ಬಂತು: "ಬಫೆಲೋ ಅಂದ್ರ ಅನ್ನು. ಓಲ್ಡ್ ಯಾಕ?"

ಹಳೆಯ ಶಾಕಪ್ಪುಗಳನ್ನು ಗುಜರಿಗೆ ಹಾಕಿಲ್ಲ, ಬೀಸುವ ಕಲ್ಲಿನ ಪಕ್ಕದಲ್ಲೇ ಇಟ್ಟಿದ್ದೇನೆ. ಅವನ್ನು ಮತ್ತೆ ಕಾರಿಗೆ ಕೂಡಿಸಲು ಬರುತ್ತದೆಯೇ ಎಂದು ಮೊನ್ನೆ ರಜಿಯಾಳನ್ನು ಮೆಲ್ಲಗೆ ಕೇಳಿದೆ. "ಹೊರಗ ಬಂದದ್ದನ್ನ ಒಳಗ ಹಾಕಿದ ನರ್ಸು ಇನ್ನೂ ಹುಟ್ಟಿಲ್ರಿ ವೈನಿ," ಎಂದಳು.