ಮೆಣಸಿನಕಾಯಿ ಕಡ್ಡಿ

ಯಾಯತ್ ಅಂಗಳದ ತಂತಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದ. ಅಮ್ಮನ ಸರೊಂಗು, ತನ್ನ ಕಾರ್ಖಾನೆಯ ನೀಲಿ ಅಂಗಿ, ಕೊನೆಗೆ ವೇದಿಕೆಗೆಂದೇ ಇಟ್ಟುಕೊಂಡಿದ್ದ ಕಪ್ಪು ಅಂಗಿ. ಕಪ್ಪು ಅಂಗಿಯನ್ನು ಮಾತ್ರ ಚೆನ್ನಾಗಿ ಕೊಡವಿ, ಕಾಲರು ನೇರ ಮಾಡಿ, ಬಿಸಿಲಿನ ಕಡೆಗೆ ತಿರುಗಿಸಿ ಹಾಕಿದ. ಬಿಸಿಲು ಎನ್ನುವುದು ಹೆಸರಿಗಷ್ಟೇ. ಬಾಂಡುಂಗಿನ ಸುತ್ತಣ ಗುಡ್ಡಗಳ ಮೇಲೆ ಮೋಡ ಬೆಳಗಿನಿಂದಲೇ ಉಜ್ಜದ ಬಾಣಲೆಯ ತಳದ ಹಾಗೆ ಕವುಚಿಕೊಂಡಿತ್ತು.

"ಬೇಗ ಒಣಗು ಮಾರಾಯ," ಎಂದು ಅಂಗಿಗೆ ಹೇಳಿದ.

ಪಕ್ಕದ ಮನೆಯ ಬು ಎಂತಿನ್ ಮೋಟು ಗೋಡೆಯ ಮೇಲಿಂದ ತಲೆ ಹಾಕಿದಳು. ಅವಳ ಮಗಳ ಮದುವೆ ಅಂದು. ನಿಕಾಹ್ ಬೆಳಿಗ್ಗೆಯೇ ಮುಗಿದು, ಊಟದ ಚಪ್ಪರಕ್ಕೆ ನೆಂಟರು ಬರುವ ಹೊತ್ತಾಗಿತ್ತು. ಅವಳ ಕೈಯಲ್ಲಿ ಒಂದು ಪೊರಕೆ ಕಡ್ಡಿ, ಕಡ್ಡಿಗೆ ಸಾಲಾಗಿ ಚುಚ್ಚಿದ ಕೆಂಪು ಮೆಣಸಿನಕಾಯಿ ಮತ್ತು ಸಣ್ಣ ಈರುಳ್ಳಿ.

"ಯಾಯತ್, ಮಳೆ ನಿಲ್ಲಿಸೋ ಕಡ್ಡಿ. ಬಾ, ನೆಟ್ಟುಕೊಡು."

"ನಾನ್ಯಾಕೆ ಅಕ್ಕ?"

"ಮದುವೆ ಆಗ್ದೆ ಇರೋರೇ ನೆಡ್ಬೇಕಲ್ಲಪ್ಪ. ನಿನ್ನೆವರೆಗೂ ನನ್ನ ಮಗಳಿದ್ಲು. ಇವತ್ತು ಅವಳದ್ದೂ ಆಯ್ತು. ಚಿಕ್ಕ ಮಕ್ಕಳು ನೆಟ್ರೆ ಹಿಡಿಯಲ್ಲ. ಬೆಳೆದು ನಿಂತು ಹಾಗೇ ಉಳಿದೋನು ಈ ಕೇರೀಲಿ ನೀನೊಬ್ಬನೇ."

ಒಳಗಿನಿಂದ ಅಮ್ಮ ಮಾ ಇಕಾ ಕೂಗಿದಳು: "ಹೋಗಿ ನೆಟ್ಟು ಬಾರೋ! ನಿನ್ನ ಒಂಟಿ ಬಾಳು ಕೊನೆಗೂ ಯಾರಿಗಾದ್ರೂ ಉಪಯೋಗಕ್ಕೆ ಬಂತು."

ಯಾಯತ್‌ಗೆ ಆ ದಿನ ಬು ಎಂತಿನಳನ್ನು ಎದುರು ಹಾಕಿಕೊಳ್ಳುವಂತಿರಲಿಲ್ಲ. ಚಪ್ಪರದ ವೇದಿಕೆ ಅವಳದು, ಆ ವೇದಿಕೆಯ ಮೇಲೆ ಹಾಡಬೇಕಾದ 'ಒದ್ದೆ ಚಪ್ಪಲಿ' ಬ್ಯಾಂಡು ಅವನದು. ಯಾವ ಕಂಪನಿಯ ಹಂಗೂ ಇಲ್ಲದ ಬ್ಯಾಂಡದು. ಹಾಡು ಬರೆಯುವವನು ಯಾಯತ್, ಹಾಡುವವನೂ ಅವನೇ. ಡ್ರಮ್ ಬಾರಿಸುವ ಗುಗುಮ್‌ನ ಅಪ್ಪನ ಪಂಚರ್ ಅಂಗಡಿಯಲ್ಲಿ, ಗಾಳಿ ತುಂಬುವ ಯಂತ್ರ ಸುಮ್ಮನಿದ್ದಾಗ ಅವರ ಧ್ವನಿಮುದ್ರಣ. ಒಂದು ಪ್ರೇಮಗೀತೆಯ ನಡುವೆ ಟ್ಯೂಬು ಒಡೆದದ್ದು ಹಾಗೇ ಉಳಿದುಬಿಟ್ಟಿತ್ತು. ಕೇಳಿದವರೆಲ್ಲ ಆ ಜಾಗವೇ ಚೆನ್ನಾಗಿದೆ ಎನ್ನುತ್ತಿದ್ದರು.

ಗುಡ್ಡದ ಮೇಲೆ ವರ್ಷಕ್ಕೊಮ್ಮೆ ನಡೆಯುವ ಸಂಗೀತೋತ್ಸವಕ್ಕೆ ಯಾಯತ್ ಎಷ್ಟೋ ಸಲ ಬರೆದುಕೊಂಡಿದ್ದ. ಈ ಸಲ ಉತ್ತರ ಬಂದಿತ್ತು. ಬ್ಯಾಂಡುಗಳನ್ನು ಆರಿಸುವ ಲಿಸ್ನಾ ಎಂಬಾಕೆ ಇಂದು ಸಂಜೆ ಖುದ್ದಾಗಿ ಬಂದು ಕೇಳುವವಳಿದ್ದಳು. ಅವಳು ಒಪ್ಪಿದರೆ ಯಾಯತ್ ಹಪ್ಪಳದ ಕಾರ್ಖಾನೆಯ ಕೆಲಸ ಬಿಡುವವನು. ರಾಜೀನಾಮೆ ಪತ್ರ ಬರೆದು ಅದೆಷ್ಟೋ ಕಾಲವಾಗಿತ್ತು. ಅದು ಅಮ್ಮನ ಕೈಗೆ ಸಿಕ್ಕಿ, ಅಕ್ಕಿ ಡಬ್ಬದ ಅಡಿಗೆ ಸೇರಿತ್ತು. "ನಿನ್ನನ್ನ ಹೆಸರು ಹಿಡಿದು ಕರೆದು ಯಾರಾದ್ರೂ ಒಂದು ಕೆಲಸ ಕೊಡ್ಲಿ, ಅವತ್ತು ನಾನೇ ಕಳಿಸ್ತೀನಿ. ಅಲ್ಲೀವರೆಗೂ ಹಪ್ಪಳ ನೋಡ್ಕೋ," ಎಂದಿದ್ದಳು.

ಹೀಗಾಗಿ ಯಾಯತ್ ಚಪ್ಪರದ ಮೂಲೆಗೆ ಹೋಗಿ ಕಡ್ಡಿ ನೆಟ್ಟ. ಕೈಗೆ ಹತ್ತಿದ ಈರುಳ್ಳಿ ವಾಸನೆ ಮೂಸಿ ನೋಡಿ, ಸ್ನಾನ ಮಾಡೋಣವೆಂದು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟ.

ಬು ಎಂತಿನ್ ಕಳ್ಳನನ್ನು ಕಂಡವಳ ಹಾಗೆ ಚೀರಿದಳು.

"ನೀರು ಮುಟ್ಟಬೇಡ! ಹಿಡ್ಕೊಳ್ರೀ ಅವನ್ನ!"

ಪಲ್ಯ ಹೆಚ್ಚುತ್ತಿದ್ದ ಹೆಂಗಸರು ಎದ್ದು ಬಂದರು. ಒಬ್ಬಳು ತಂಬಿಗೆ ಕಸಿದಳು, ಇನ್ನೊಬ್ಬಳು ಸೋಪು.

"ಅದು ಮದುವೆ ಮನೆಯವರಿಗಲ್ವಾ ಅಕ್ಕ, ಸ್ನಾನ ಮಾಡಬಾರ್ದು ಅನ್ನೋದು?"

"ನೆಟ್ಟೋನಿಗೆ ಮೊದ್ಲು! ಕೊನೇ ನೆಂಟರು ಹೋಗೋವರೆಗೂ ನೀನು ನೀರು ಮುಟ್ಟಿದ್ರೆ ಮಳೆ ಬಂತು ಅಂತಲೇ."

"ಸಂಜೆ ನಾನು ಹಾಡ್ಬೇಕು. ಹೀಗೆ ಈರುಳ್ಳಿ ನಾತ ಹೊಡ್ಕೊಂಡು ಹೇಗೆ ನಿಲ್ಲಲಿ?"

"ಮೈಕು ಮೂಸುತ್ತೇನೋ?" ಎಂದಳು ಬು ಎಂತಿನ್.

ಆ ಹೊತ್ತಿಗೆ ಕೇರಿಯ ಮುಖಂಡ ಕೊಸಾಸಿ, ಎಲ್ಲರ ಬಾಯಲ್ಲೂ ಗೌರವದ 'ಪಾಕ್' ಕೊಸಾಸಿ, ಬಂದರು. ಕೇರಿಯಲ್ಲಿ ಯಾವ ಜಗಳವಾದರೂ, ಅದು ಅವರಿಗೆ ಸಂಬಂಧವಿಲ್ಲದಿದ್ದರೆ ಸಾಕು, ತೀರ್ಪು ಅವರದೇ. ಹಾಡುವ ಚಟವೂ ಇತ್ತು. ಸತ್ತವರ ಮನೆಯೊಂದನ್ನು ಬಿಟ್ಟು ಮೈಕು ಕಂಡಲ್ಲೆಲ್ಲ ಹಾಡಿಬಿಡುತ್ತಿದ್ದರು.

"ನೋಡು ಯಾಯತ್," ಎಂದರು ಗಂಭೀರವಾಗಿ, "ಸ್ನಾನ ಇಲ್ಲ. ಕೈ ತೊಳೆಯೋದಿಲ್ಲ. ಕುಡಿಯೋದೂ ಬೇಡ, ಯಾವುದಕ್ಕೂ ಇರಲಿ."

"ಕಾಫಿ?"

ಪಾಕ್ ಕೊಸಾಸಿ ಯೋಚಿಸಿದರು. ಕಾಫಿ ನೀರೇ ಎಂದು ಕೆಲವರು, ತಳದ ಚರಟ ನೀರಲ್ಲವೆಂದು ಕೆಲವರು. ಕೊನೆಗೆ ಚರಟವನ್ನು ಬೇಕಾದರೆ ತಿನ್ನಬಹುದು ಎಂದು ತೀರ್ಪಾಯಿತು.

ಯಾಯತ್ ಹೋಗಿ ಕಪ್ಪು ಅಂಗಿಗೆ ಕೈ ಹಾಕಿದ. ಮತ್ತೆ ಚೀರಾಟ. ಒದ್ದೆ ಅಂಗಿಯಲ್ಲಿ ಇರುವುದೂ ನೀರೇ ತಾನೆ? ಬು ಎಂತಿನ್ ತನ್ನ ಗಂಡನ ಬಾತಿಕ್ ಅಂಗಿ ತಂದು ತೊಡಿಸಿದಳು. ಅವಳ ಗಂಡ ಗಟ್ಟಿ ಊಟದ ಮನುಷ್ಯ. ಅಂಗಿಯೊಳಗೆ ಯಾಯತ್ ಕೊಡೆಯ ಕಡ್ಡಿಯ ಹಾಗೆ ಕಾಣಿಸಿದ.

ನೆಂಟರು ಬಂದರು. ಹಳದಿ ಅನ್ನ, ಕಡ್ಡಿಗೆ ಪೋಣಿಸಿ ಸುಟ್ಟ ಮಾಂಸದ ಸಾತೆ, ಕುಡಿಯಲು ಬೆಲ್ಲದ ಪಾಕದ ತಣ್ಣನೆ ಚೆಂದೋಲ್ ಎಲ್ಲರ ಕೈಗೂ ಹೋಯಿತು. ಯಾಯತ್‌ಗೆ ಮಾತ್ರ ಯಾರೋ ಒಂದು ಡಬ್ಬ ಹಪ್ಪಳ ತಂದುಕೊಟ್ಟರು, ಒಣಗಿದ ತಿಂಡಿ ದೋಷವಿಲ್ಲವೆಂದು. ಡಬ್ಬದ ಮೇಲೆ ಅವನದೇ ಕಾರ್ಖಾನೆಯ ಸೀಗಡಿ ಚಿತ್ರ. ವಾರವಿಡೀ ನೋಡಿದ ಹಪ್ಪಳವನ್ನೇ ಭಾನುವಾರ ಕೂತು ಅಗಿದ. ಗಂಟಲು ಉಪ್ಪುಕಾಗದದಂತಾಯಿತು.

ಅಷ್ಟರಲ್ಲಿ ಹೊಳೆಯ ಆಚೆ ದಡದಲ್ಲಿ ಮಳೆ ಬಂತು. ಚಪ್ಪರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಆಚೆ ಕೇರಿಯ ತಗಡಿನ ಮೇಲೆ ಧೋ ಎಂದು ಸುರಿಯುವುದು, ಜನ ಬಟ್ಟೆ ಎಳೆದುಕೊಂಡು ಓಡುವುದು. ಈಚೆಗೆ ಒಂದು ಹನಿ ಇಲ್ಲ.

"ಮಳೆನ ಹಿಡಿದು ನಿಲ್ಲಿಸಿಬಿಟ್ಟಿದ್ದಾನೆ!" ಎಂದು ಯಾರೋ ಅಂದರು. ನೆಂಟರೆಲ್ಲ ತಟ್ಟೆ ಹಿಡಿದೇ ತಿರುಗಿ ನೋಡಿದರು. ಒಬ್ಬ ಮುದುಕಿ ಬಂದು ಯಾಯತ್‌ನ ಭುಜ ಮುಟ್ಟಿ, ಕಣ್ಣಿಗೊತ್ತಿಕೊಂಡು ಹೋದಳು.

ಇದಾದ ಮೇಲೆ ಪಾಕ್ ಕೊಸಾಸಿಯ ಹೊಸ ಅಪ್ಪಣೆ: ಯಾಯತ್ ಕಡ್ಡಿಯ ಪಕ್ಕದಿಂದ ಏಳಬಾರದು. ಪ್ಲಾಸ್ಟಿಕ್ ಕುರ್ಚಿ ತಂದು ಪಾತ್ರೆ ತೊಳೆಯುವ ಜಾಗಕ್ಕೂ ಯಾರದೋ ಮೇಕೆಗೂ ನಡುವೆ ಇಟ್ಟರು. ಮೇಕೆ ಕಡ್ಡಿಯ ಮೇಲಿನ ಮೆಣಸಿನಕಾಯಿಯನ್ನೇ ನೋಡುತ್ತಿತ್ತು. ಯಾಯತ್ ಮೇಕೆಯನ್ನು ನೋಡುತ್ತ ಕುಳಿತ.

"ಪಾಕ್, ಹಾಡೋ ಹೊತ್ತಿಗೆ ಬಿಡ್ತೀರಲ್ವಾ? ಆ ಉತ್ಸವದ ಹೆಂಗಸು ಬರ್ತಾಳೆ. ಇವತ್ತು ತಪ್ಪಿದ್ರೆ ಮುಂದಿನ ವರ್ಷವೇ."

"ನೋಡೋಣ, ನೋಡೋಣ," ಎಂದರು ಪಾಕ್ ಕೊಸಾಸಿ. ಅವರ ಕಣ್ಣು ಆಗಲೇ ಮೈಕಿನ ಮೇಲಿತ್ತು.

ಹೇಳಿದ ಹೊತ್ತಿಗೆ ಸರಿಯಾಗಿ ಲಿಸ್ನಾ ಬಂದಳು. ಗಿಡ್ಡ ಕೂದಲು, ದೊಡ್ಡ ಬೂಟು, ಹಿಂದಿನ ವರ್ಷದ ಉತ್ಸವದ ಕೆಸರು ಇನ್ನೂ ಅಂಟಿಕೊಂಡಿರುವಂಥ ಬೂಟು. ಬು ಎಂತಿನ್ ಅವಳನ್ನು ಗಂಡಿನ ಕಡೆಯವಳೆಂದು ತಿಳಿದು ಮುಂದಿನ ಸಾಲಿನಲ್ಲಿ ಕೂರಿಸಿ ಚೆಂದೋಲ್ ಕೊಟ್ಟಳು. ವೇದಿಕೆಯ ಮೇಲೆ ಗುಗುಮ್ ಡ್ರಮ್ ಸರಿ ಮಾಡಿಕೊಳ್ಳುತ್ತ ಯಾಯತ್‌ನತ್ತ ಕೈ ಬೀಸಿದ. ಯಾಯತ್ ಏಳಲು ಹೋದ. ಇಬ್ಬರು ಹೆಂಗಸರು ಭುಜ ಒತ್ತಿ ಕೂರಿಸಿದರು.

"ಬ್ಯಾಂಡಿನೋರು ಸುಮ್ನೆ ಕೂತ್ರೆ ಚೆನ್ನಾಗಿರಲ್ಲ," ಎಂದವರೇ ಪಾಕ್ ಕೊಸಾಸಿ ವೇದಿಕೆ ಹತ್ತಿಬಿಟ್ಟರು. "ಹುಡುಗ್ರಾ, ನಿಮಗೆ ಗೊತ್ತಿರೋದು ಬಾರ್ಸಿ. ನನಗೆ ಗೊತ್ತಿರೋದು ನಾನು ಹಾಡ್ಕೋತೀನಿ."

ಹಾಗೇ ಆಯಿತು. ಒದ್ದೆ ಚಪ್ಪಲಿ ತನ್ನ ಬೇಸರದ ರಾಗ ಬಾರಿಸಿತು, ಪಾಕ್ ಕೊಸಾಸಿ ಅದರ ಮೇಲೆ ಹಳೇ ಕುಣಿತದ ಹಾಡು ಹತ್ತಿಸಿದರು. ಎರಡೂ ಅಲ್ಲಲ್ಲಿ ಡಿಕ್ಕಿ ಹೊಡೆದು, ಅಲ್ಲಲ್ಲಿ ಅಪ್ಪಿಕೊಂಡು ಸಾಗಿದವು. ಮುದುಕಿಯರು ಎದ್ದು ಕುಣಿದರು. ಮದುಮಗ ಸೊಂಟ ತಿರುಗಿಸಿದ. ಲಿಸ್ನಾ ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಅವಳ ಬೂಟಿನ ತುದಿ ತಾಳ ಹಾಕತೊಡಗಿತು.

ಆ ಬೂಟಿನ ತುದಿಯನ್ನು ನೋಡಿ ಯಾಯತ್‌ಗೆ ತಡೆಯಲಾಗಲಿಲ್ಲ. ತನ್ನ ರಾಗ, ತನ್ನ ಬ್ಯಾಂಡು, ತನಗಾಗಿ ಬಂದ ಹೆಂಗಸು. ತಾನು ಮಾತ್ರ ಮೇಕೆಯ ಜೊತೆ.

"ಎಲ್ಲಾ ಮೂಢನಂಬಿಕೆ!" ಎಂದು ಕೂಗಿದ. ಕೂಗು ಒಣ ಗಂಟಲಿನಿಂದ ಬಾಗಿಲು ಕಿರುಗುಟ್ಟಿದಂತೆ ಬಂತು. "ಮೋಡ ಇದ್ರೆ ಮಳೆ ಬರುತ್ತೆ, ಇಲ್ದಿದ್ರೆ ಇಲ್ಲ! ನೋಡಿ, ಕೀಳ್ತೀನಿ, ಏನಾಗುತ್ತೋ ನೋಡೇಬಿಡಿ!"

ಕಡ್ಡಿ ಕಿತ್ತು ಕೈಯಲ್ಲಿ ಹಿಡಿದೇ ವೇದಿಕೆಗೆ ಓಡಿದ. ಪಾಕ್ ಕೊಸಾಸಿಯ ಕೈಯಿಂದ ಮೈಕು ಕಿತ್ತುಕೊಂಡ. ಕಣ್ಣು ಮುಚ್ಚಿ, ಎದೆಯಾಳದಿಂದ ಮೊದಲ ಸಾಲು ತೆಗೆದ.

ಎರಡನೆಯ ಸಾಲನ್ನು ಯಾರೂ ಕೇಳಲಿಲ್ಲ. ಮಳೆ ಯಾರೋ ಬಿಂದಿಗೆ ಮಗುಚಿದ ಹಾಗೆ ಬಿತ್ತು. ಚಪ್ಪರದ ಬಟ್ಟೆ ಹೊಟ್ಟೆ ಬಿಟ್ಟುಕೊಂಡು ಜಗ್ಗಿ, ಸಾತೆಯ ಒಲೆಯ ಮೇಲೆ ಸುರಿಯಿತು. ಮದುಮಗಳ ಕಣ್ಣುಕಪ್ಪು ಗಲ್ಲಕ್ಕಿಳಿಯಿತು. ಗುಗುಮ್ ಡ್ರಮ್ಮಿನ ಮೇಲೆ ಬೋರಲು ಬಿದ್ದ, ಕೂಸನ್ನು ಕಾಪಾಡುವ ತಾಯಿಯಂತೆ.

"ನೆಡೋ! ವಾಪಸ್ ನೆಡೋ ಪಾಪಿ!" ಎಂದು ಇಡೀ ಮದುವೆ ಒಂದೇ ಕಂಠದಲ್ಲಿ ಕೂಗಿತು. ಒದ್ದೆ ಚಪ್ಪಲಿಯ ಹಾಡಿಗೆ ಇಷ್ಟು ಜನ ಒಟ್ಟಿಗೆ ದನಿಗೂಡಿಸಿದ್ದು ಅದೇ ಮೊದಲು.

ಯಾಯತ್ ಕೆಸರಿನಲ್ಲಿ ಜಾರುತ್ತ ಮೂಲೆಗೆ ಓಡಿ ಕಡ್ಡಿ ಚುಚ್ಚಿದ. ಅಲ್ಲಿನ ಮಳೆ ಹಾಗೇ, ಬರುವುದು ಹೇಗೆ ಬರುತ್ತದೋ ಹೋಗುವುದೂ ಹಾಗೇ. ಅವನು ಕಡ್ಡಿಯಿಂದ ಕೈ ತೆಗೆದದ್ದಕ್ಕೂ ಮಳೆ ನಿಂತದ್ದಕ್ಕೂ ಸರಿಹೋಯಿತು. ಮೋಡ ಸರಿದು, ಸಂಜೆ ಬಿಸಿಲಿನ ಎಳೆಯೊಂದು ನೇರ ಅವನ ಮುಖದ ಮೇಲೆ ಬಿತ್ತು.

ನೆಂಟರೆಲ್ಲ ಇದ್ದಲ್ಲಿಂದಲೇ ಕಡ್ಡಿಯತ್ತ ತಿರುಗಿದರು. ಮೇಕೆಯೂ ಅಗಿಯುವುದನ್ನು ನಿಲ್ಲಿಸಿತು.

ತೊಯ್ದು ತೊಪ್ಪೆಯಾದ ಲಿಸ್ನಾ ಚೆಂದೋಲ್ ಲೋಟ ಕೆಳಗಿಟ್ಟು, ನಿಧಾನವಾಗಿ ನಡೆದು ಬಂದು ಯಾಯತ್‌ನ ಎದುರು ನಿಂತಳು.

"ಯಾಯತ್ ಅಂದ್ರೆ ನೀವೇ ಅಲ್ವಾ?"

"ಹೌದು ಅಕ್ಕ. ಕ್ಷಮಿಸಿ. ನನ್ನ ಗಂಟಲು ಇವತ್ತು… ನಮ್ಮ ಬೇರೆ ಹಾಡು ಕೇಳಿದ್ರೆ ನಿಮಗೆ…"

"ಹಾಡು ಬಿಡಿ," ಎಂದಳು ಲಿಸ್ನಾ. ಅವಳ ದನಿಯಲ್ಲಿ ಭಕ್ತಿ ಇತ್ತು. "ಹೋದ ವರ್ಷ ಉತ್ಸವ ಪೂರ್ತಿ ಕೆಸರಾಯ್ತು. ಸ್ಪೀಕರ್ ಪೆಟ್ಟಿಗೆ ತೇಲಿಕೊಂಡು ಹೋಗಿ ಟೀ ತೋಟದಲ್ಲಿ ಸಿಕ್ತು. ಅದರ ಹಿಂದಿನ ವರ್ಷವೂ ಅದೇ ಕತೆ. ಬ್ಯಾಂಡಿನೋರು ನಮ್ಮ ಬಾಗಿಲಿಗೆ ಸಾಲು ನಿಂತಿದ್ದಾರೆ. ಮಳೆ ಹಿಡಿದು ನಿಲ್ಲಿಸೋರು ಸಿಗ್ತಿಲ್ಲ. ಇದ್ದ ಅಜ್ಜ ತೀರಿಕೊಂಡ್ರು. ನೀವು ಬರ್ತೀರಾ? ಉತ್ಸವಕ್ಕೊಂದೇ ಅಲ್ಲ, ನಮ್ಮದು ವರ್ಷವಿಡೀ ಕಾರ್ಯಕ್ರಮ ಇರುತ್ತೆ. ಕಾಯಂ ಕೆಲಸ."

"ಮತ್ತೆ ನಮ್ಮ ಬ್ಯಾಂಡು?"

"ಬ್ಯಾಂಡೂ ಬರ್ಲಿ! ತುಂಬಾ ಹೊಸದಾಗಿದೆ. ಆ ದೊಡ್ಡವರು ಹಾಡೋದು ಅಂದ್ರೆ…" ಅವಳು ಪಾಕ್ ಕೊಸಾಸಿಯತ್ತ ತಿರುಗಿದಳು. ಪಾಕ್ ಕೊಸಾಸಿ ಒದ್ದೆ ಟೋಪಿ ಹಿಂಡುತ್ತ, ಮದುಮಗಳಿಗಿಂತ ಹೆಚ್ಚು ನಾಚಿಕೊಂಡರು.

"ಹಾಡುಗಾರ ನಾನು ಅಕ್ಕ," ಎಂದ ಯಾಯತ್.

"ನೀವು ಹಾಡಿದ್ರೆ ಕಡ್ಡಿ ಹತ್ರ ಯಾರು ಕೂರ್ತಾರೆ?" ಎಂದಳು ಲಿಸ್ನಾ. "ಈಗ ತಾನೇ ಕಣ್ಣಾರೆ ನೋಡಿದ್ವಲ್ಲ."

ಯಾಯತ್ ಗುಗುಮ್‌ನತ್ತ ನೋಡಿದ. ಗುಗುಮ್ ಡ್ರಮ್ ಒರೆಸುವ ನೆಪದಲ್ಲಿ ತಲೆ ತಗ್ಗಿಸಿ, "ಉತ್ಸವ ಉತ್ಸವಾನೇ ಅಲ್ವಾ ಅಣ್ಣ," ಎಂದ ಮೆಲ್ಲಗೆ. "ಹಾಡು ನೀನು ಬರೆದದ್ದೇ. ನೀನೂ ಅಲ್ಲೇ ಇರ್ತೀಯಲ್ಲ, ವೇದಿಕೆ ಹಿಂದೆ."

ಅಷ್ಟರಲ್ಲಿ ಮಾ ಇಕಾ ಅಲ್ಲಿರಲಿಲ್ಲ. ಲಿಸ್ನಾಳ ಬಾಯಿಂದ ಮಗನ ಹೆಸರು, ಅದರ ಹಿಂದೆಯೇ 'ಕಾಯಂ' ಎಂಬ ಮಾತು ಬಿದ್ದದ್ದೇ ತಡ, ಸರೊಂಗು ಎತ್ತಿ ಹಿಡಿದು ಮನೆಗೆ ಓಡಿದ್ದಳು. ಯಾಯತ್‌ಗೆ ಅದು ಹೊಳೆದು ಅವನೂ ಹಿಂದೆಯೇ ಓಡಿದ. ಅವನು ಬಾಗಿಲು ತಲುಪುವಾಗ ಬೈಕಿನ ಮೇಲೆ ಕಾಗದ ಪತ್ರ ಒಯ್ಯುವ ಹುಡುಗನನ್ನು ಅವಳು ಬೀದಿಯಲ್ಲೇ ತಡೆದು ನಿಲ್ಲಿಸಿಯಾಗಿತ್ತು. ಕೈಯಲ್ಲಿ ಅಕ್ಕಿ ಧೂಳು ಮೆತ್ತಿದ ರಾಜೀನಾಮೆಯ ಲಕೋಟೆ.

"ಅಮ್ಮಾ, ತಡಿ! ಕೊಡಬೇಡ!"

"ಯಾಕೋ? ಇಷ್ಟು ವರ್ಷ ಕಳಿಸು ಕಳಿಸು ಅಂತ ಜೀವ ತಿಂದೆ."

"ಅದು ಹಾಡೋ ಕೆಲಸಕ್ಕೆ ಅಮ್ಮ! ಇದು ಮಳೆ…"

"ಹೆಸರು ಹಿಡಿದು ಕರೆದ್ಲಾ ಇಲ್ವಾ? ಕೆಲಸ ಕೊಟ್ಲಾ ಇಲ್ವಾ? ನಾನೇನು ಹಾಡೋ ಕೆಲಸ ಅಂತ ಹೇಳಿದ್ನಾ?" ಅವಳ ಕಣ್ಣು ತುಂಬಿ ಬಂತು. "ನಿಮ್ಮಪ್ಪ ಇದ್ದಿದ್ರೆ ನೋಡ್ತಿದ್ರು. ಹಪ್ಪಳ ನೋಡ್ಕೊಳ್ತಿದ್ದ ಹುಡುಗ ಇವತ್ತು ಆಕಾಶ ನೋಡ್ಕೋತಾನೆ."

ಆ ಕಣ್ಣೀರು ನೋಡಿ ಯಾಯತ್ ಲಕೋಟೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅಮ್ಮ ಅವನ ಬಗ್ಗೆ ಹೆಮ್ಮೆಪಟ್ಟದ್ದನ್ನು ಅವನು ನೋಡಿದ್ದೇ ಇಲ್ಲ. ಲಕೋಟೆ ಹುಡುಗನ ಚೀಲಕ್ಕೆ ಇಳಿಯಿತು.

ಹುಡುಗ ಸೀಟಿನ ಅಡಿಯಿಂದ ಮಳೆಕೋಟು ತೆಗೆದು, ಅರ್ಧ ತೋಳು ತೂರಿಸಿ, ಯಾಯತ್‌ನನ್ನು ಕಂಡು ನಿಂತ. ಸುದ್ದಿ ಅವನ ಕಿವಿಗೂ ಬಿದ್ದಿತ್ತು.

"ಅಣ್ಣ, ಹಪ್ಪಳದ ಕಾರ್ಖಾನೆವರೆಗೂ ಹೋಗ್ಬೇಕು. ದಾರೀಲಿ ಮಳೆ ಬರುತ್ತಾ?"

ಯಾಯತ್ ತಲೆಯೆತ್ತಿದ. ಗುಡ್ಡದ ಮೇಲೆ ಮತ್ತೆ ಬಾಣಲೆ ಕವುಚಿಕೊಳ್ಳುತ್ತಿತ್ತು. ಅದು ಬರುವುದೋ ಹೋಗುವುದೋ ಅವನಿಗೆ ಎಳ್ಳಷ್ಟೂ ತಿಳಿಯಲಿಲ್ಲ. ಅಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಗೋಡೆಯ ಮೇಲಿಂದ ಬು ಎಂತಿನ್ ನೋಡುತ್ತಿದ್ದಳು.

"ಬರಲ್ಲ," ಎಂದ.

ಹುಡುಗ ಮಳೆಕೋಟು ಬಿಚ್ಚಿ, ಮಡಿಸಿ, ಸೀಟಿನ ಅಡಿಗೆ ತುರುಕಿ, ಬೈಕು ಹೊರಡಿಸಿದ.