ಸಂಡಿಗೆ ಹಗುರ, ಸಾಗಣೆ ಭಾರ

ವ್ಯಾಪಾರಕ್ಕೆ ಇಳಿಯುವವರು ಭಾರವಾದ ಪದಾರ್ಥವನ್ನೇ ಮಾರಬೇಕು ಅನ್ನೋದು ನನಗೆ ತಡವಾಗಿ ಹೊಳೆದ ಸತ್ಯ. ಬೆಲ್ಲ ಮಾರಬಹುದು, ಕಲ್ಲುಪ್ಪು ಮಾರಬಹುದು, ಬೇಕಿದ್ದರೆ ಒರಳುಕಲ್ಲನ್ನೇ ಮಾರಬಹುದು. ನಾನು ಆರಿಸಿಕೊಂಡದ್ದು ಅರಳು ಸಂಡಿಗೆ. ಇಟ್ಟಮಡು ಬಡಾವಣೆಯ ನಮ್ಮ ಮನೆ ತಾರಸಿಯ ಮೇಲೆ ಒಣಗಿಸಿ, ಫೋನಿನಲ್ಲಿ ಫೋಟೊ ಹಾಕಿ, ಆರ್ಡರ್ ಕೊಟ್ಟವರಿಗೆ ಕೊರಿಯರ್ ಮಾಡುವುದು ನನ್ನ ಉದ್ಯಮ. ಉದ್ಯಮ ಅಂದದ್ದು ನಾನಲ್ಲ, ಖಾತೆ ತೆರೆಯುವಾಗ ಬ್ಯಾಂಕಿನವರು ಹಾಗೆ ಬರೆದುಕೊಂಡರು. ನಮ್ಮೆಜಮಾನರು ಈಗಲೂ ಅದನ್ನು ತಾರಸಿ ಕೆಲಸ ಅಂತಲೇ ಕರೆಯುತ್ತಾರೆ.

ಕೊರಿಯರ್ ದರ ಏರುತ್ತಲೇ ಇತ್ತು. ಒಮ್ಮೆ ಪೆಟ್ರೋಲಿನ ನೆಪ, ಇನ್ನೊಮ್ಮೆ ಹಬ್ಬದ ನೆಪ. ಕೊನೆಗೊಂದು ದಿನ ಕೊರಿಯರ್ ಕೌಂಟರಿನ ಹುಡುಗಿ, ಇನ್ನುಮೇಲೆ ತೂಕ ಮಾತ್ರ ನೋಡಲ್ಲ, ಡಬ್ಬದ ಅಳತೆಯನ್ನೂ ನೋಡ್ತೀವಿ ಅಂತ ಟೇಪು ತೆಗೆದಳು. ಸಂಡಿಗೆ ಒಡೆಯಬಾರದೆಂದು ನಾನು ಹಾಕಿದ್ದು ದೊಡ್ಡ ಡಬ್ಬ. ಅದರಲ್ಲಿ ಹೆಚ್ಚಿಗೆ ಇರೋದು ಬರೀ ಗಾಳಿ ಕಣಮ್ಮ ಅಂದೆ.

"ಗಾಳಿನೂ ಲಾರಿಲೇ ಹೋಗ್ಬೇಕಲ್ಲ ಆಂಟಿ" ಅಂದಳು.

ಚಿಕ್ಕ ಡಬ್ಬದಲ್ಲಿ ಒತ್ತಿ ಕಳಿಸಿದೆ. ಪುಣೆಯ ಗ್ರಾಹಕರಿಗೆ ಪುಡಿ ತಲುಪಿತು. ಇದನ್ನು ಕರಿಯೋದೋ ಕದಡೋದೋ ಅಂತ ವಿನಯವಾಗಿ ಕೇಳಿದರು. ಮತ್ತೆ ದೊಡ್ಡ ಡಬ್ಬವನ್ನೇ ಹಿಡಿದು, ಸಾಗಣೆ ವೆಚ್ಚವನ್ನು ಗ್ರಾಹಕರ ತಲೆಗೇ ಕಟ್ಟಿದೆ. ಆರ್ಡರುಗಳು ಹೆಚ್ಚುಕಡಿಮೆ ನಿಂತವು. ಸಂಡಿಗೆ ಇಡಲು ಬರುವ ಪಕ್ಕದ ಬೀದಿಯ ಸರೋಜಮ್ಮ, ಮುಂದಿನ ವಾರ ಬರ್ಲಾ ಬೇಡ್ವಾ ಅಂತ ಕೇಳಿದಾಗ ಇನ್ನೊಂದು ಲೋಟ ಕಾಫಿ ಕೊಟ್ಟೆ. ಅವರ ಮನೆ ಬಾಡಿಗೆಗೆ ಈ ಕೆಲಸವೂ ಆಸರೆ. ಯಜಮಾನರು ನಿಲ್ಲಿಸಿಬಿಡು ಅಂದರು. ನಿಲ್ಲಿಸು ಅಂದ ಕೂಡಲೇ ಹಟ ಬರುವುದು ನನ್ನ ಹಳೆಯ ಕಾಯಿಲೆ. ಹತ್ತಿರದ ಆರ್ಡರುಗಳನ್ನು ನಾನೇ ಕೊಟ್ಟು ಬರುತ್ತೇನೆಂದು ಸ್ಕೂಟರ್ ಹೊರಡಿಸಿದೆ.

ತಿಲಕ್ ನಗರ ಸುಲಭವಾಗಿ ಮುಗಿಯಿತು. ಮಡಿವಾಳದಲ್ಲಿ ಮಾತ್ರ ಬಸ್ಸುಗಳ ಮಧ್ಯೆ ಸಿಕ್ಕಿ, ಸಂಡಿಗೆಗೆ ಆಗುವಷ್ಟು ಬಿಸಿಲು ನನಗೂ ಆಯಿತು. ಗ್ರಾಹಕರ ಮನೆ ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು. ಮಂಡಿ ಹಿಡಿದುಕೊಂಡು ಹತ್ತಿದೆ. ಬಾಗಿಲು ತೆರೆದ ಹೆಂಗಸು ನನ್ನ ಮುಖ ನೋಡಿ, ಕೂರಿಸಿ, ಮಜ್ಜಿಗೆ ಕೊಟ್ಟರು.

"ಅಕ್ಕ, ನಿಮ್ಮ ಓನರ್‌ಗೆ ಸ್ವಲ್ಪ ಹೇಳಿ. ಡೆಲಿವರಿಗೆ ಅಷ್ಟೊಂದು ದುಡ್ಡು ತಗೊಂಡು, ಈ ವಯಸ್ಸಲ್ಲಿ ನಿಮ್ಮನ್ನ ಹಿಂಗೆ ಓಡಾಡಿಸ್ತಾರಲ್ಲ."

ನಿಜ ಹೇಳಬಹುದಿತ್ತು. ಮಜ್ಜಿಗೆ ತಣ್ಣಗಿತ್ತು, ಅನುಕಂಪ ಅದಕ್ಕಿಂತ ತಂಪಾಗಿತ್ತು.

"ಹೇಳ್ತೀನಿ ಮೇಡಂ. ಆದ್ರೆ ಅವಳು ಯಾರ ಮಾತೂ ಕೇಳಲ್ಲ" ಅಂದೆ.

ಸಂಜೆ ನನ್ನ ಫೋನಿಗೆ ಅವರ ಅಭಿಪ್ರಾಯ ಬಂತು: ಸಂಡಿಗೆ ಪರವಾಗಿಲ್ಲ, ಉಪ್ಪು ಸ್ವಲ್ಪ ಜಾಸ್ತಿ, ತಂದುಕೊಟ್ಟ ಆಂಟಿ ತುಂಬಾ ಒಳ್ಳೆಯವರು, ಅವರಿಗೆ ಸಂಬಳ ಹೆಚ್ಚು ಮಾಡಿ. ಯಜಮಾನರು ಅದನ್ನು ಗಟ್ಟಿಯಾಗಿ ಓದಿದರು, ಆಮೇಲೆ ಫೋನಿನಲ್ಲಿ ತಮ್ಮ ತಂಗಿಗೂ ಓದಿ ಹೇಳಿದರು.

ಈಗ ದೂರದೂರಿನ ಆರ್ಡರ್ ನಿಲ್ಲಿಸಿ, ಸ್ಕೂಟರ್ ಹೋಗುವಷ್ಟಕ್ಕೆ ಉದ್ಯಮವನ್ನು ಮೊಟಕು ಮಾಡಿದ್ದೇನೆ. ಸರೋಜಮ್ಮನಿಗೆ ಬರಲು ಹೇಳಿಯಾಗಿದೆ. ನನ್ನ ಸಂಬಳದ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಕೇಳಲು ಆಂಟಿಗೆ ಸಂಕೋಚ, ಕೊಡಲು ಓನರ್‌ಗೆ ಮನಸ್ಸಿಲ್ಲ.